ಹಾಳೆಗೊಂದು ಬೆನ್ನು

ಇಗಾರಶಿ ಮೇಡಂ ಅಂಗಡಿಯಲ್ಲಿ ಹಾಳೆಗೆ ಒಂದೇ ಜನ್ಮವಿರಲಿಲ್ಲ. ಒಂದು ಮಗ್ಗುಲು ಅಚ್ಚಾದ ಹಾಳೆ ಕಸದ ಬುಟ್ಟಿಗೆ ಹೋಗುವಂತಿಲ್ಲ. ಕಿಟಕಿಯ ಕೆಳಗಿದ್ದ ಕಿತ್ತಳೆ ಹಣ್ಣಿನ ಖಾಲಿ ಪೆಟ್ಟಿಗೆ ಸೇರಿ, ಅಲ್ಲಿ ಬೋರಲು ಮಲಗಿ, ಇನ್ನೊಂದು ಮಗ್ಗುಲಿಗೆ ಕರೆ ಬರುವ ತನಕ ಕಾಯಬೇಕು. "ದೇವರು ಹಾಳೆಗೆ ಎರಡು ಮಗ್ಗುಲು ಕೊಟ್ಟಿರೋದು ಯಾಕೆ ಹೇಳು?" ಎಂದು ಮೇಡಂ ಆಗಾಗ ಕೇಳುತ್ತಿದ್ದರು. ಅಲ್ಲಿ ಏಳು ವರ್ಷದಿಂದ ಗುಮಾಸ್ತನಾಗಿದ್ದ ಮೊಮೋಸೆ "ಹೌದು ಮೇಡಂ" ಎನ್ನುತ್ತಿದ್ದ. ಅವನು ಎಲ್ಲ ಪ್ರಶ್ನೆಗೂ ಹಾಗೆಯೇ ಉತ್ತರಿಸುತ್ತಿದ್ದುದು.

ಟೋಕಿಯೊದಿಂದ ಎರಡು ಗಂಟೆ ದೂರದ ಆ ಊರಿನಲ್ಲಿ, ರೈಲು ನಿಲ್ದಾಣದ ಎದುರಿಗೆ, ಬಾಡಿಗೆ ಮನೆ ಕೊಡಿಸುವ ಅಂಗಡಿ ಅದು. ಅರ್ಧ ಊರಿನ ಬಾಡಿಗೆದಾರರ ಹೆಸರು, ವಯಸ್ಸು, ಜಾಮೀನು, ಗುಟ್ಟು ಎಲ್ಲವೂ ಅಲ್ಲಿನ ಕಂಪ್ಯೂಟರಿನಲ್ಲಿದ್ದವು. ಕಂಪ್ಯೂಟರಿಗೆ ಹದಿನಾರಕ್ಷರದ ಪಾಸ್‌ವರ್ಡು, ವಾರಕ್ಕೊಮ್ಮೆ ಹೊಸದು. ಅದೇ ಗುಟ್ಟು ಅಚ್ಚಾಗಿ ಹೊರಬಂದರೆ ಮಾತ್ರ ಕಿತ್ತಳೆ ಪೆಟ್ಟಿಗೆ. ಅದಕ್ಕೆ ಮುಚ್ಚಳವೂ ಇರಲಿಲ್ಲ.

ಹೋದ ತಿಂಗಳು ಮೊಮೋಸೆ ಒಂದು ಬಾಡಿಗೆ ಕರಾರನ್ನು ಫ್ಯಾಕ್ಸ್ ಮಾಡುವಾಗ ಒಂದಂಕಿ ತಪ್ಪಿ, ಅದು ಹಾವುಮೀನಿನ ಹೋಟೆಲಿಗೆ ಹೋಗಿತ್ತು. ಹೋಟೆಲಿನವನು ಫೋನು ಮಾಡಿ, "ಎರಡನೇ ಮಹಡಿ, ದಕ್ಷಿಣಕ್ಕೆ ಕಿಟಕಿ, ಎಲ್ಲಾ ಸರಿ. ಎಷ್ಟು ಪ್ಲೇಟು ಅಂತಾನೇ ಬರೆದಿಲ್ವಲ್ಲ?" ಎಂದು ಕೇಳಿದ್ದ. ಸುದ್ದಿ ದಲ್ಲಾಳಿಗಳ ಸಂಘದ ಕಿವಿಗೆ ಬಿತ್ತು. ತನಿಖೆಗೆಂದು ಸಂಘದ ಅಧಿಕಾರಿ ಶಿರಹಾಮಾ ಸಾನ್ ಈ ಗುರುವಾರ ಸಂಜೆ ಐದಕ್ಕೆ ಬರುವವರಿದ್ದರು.

ಬೆಳಿಗ್ಗೆಯೇ ಮೇಡಂ ಮೊಮೋಸೆಯ ತೋಳಿಗೊಂದು ಹಳದಿ ಪಟ್ಟಿ ಕಟ್ಟಿದರು. ಹೊರಗಡೆ 'ಮಾಹಿತಿ ರಕ್ಷಣಾಧಿಕಾರಿ' ಎಂದಿತ್ತು. ಒಳಮಗ್ಗುಲಲ್ಲಿ 'ರಸ್ತೆ ದಾಟಿಸುವ ಸ್ವಯಂಸೇವಕ'.

"ನೋಡು ಮೊಮೋಸೆ, ಇನ್ನೊಂದು ಗುಟ್ಟು ಈ ಬಾಗಿಲು ದಾಟಿದ್ರೆ, ಅದರ ಹಿಂದೇನೇ ನೀನೂ ದಾಟು."

"ಹೌದು ಮೇಡಂ."

ದಾಟಿದರೆ ಹೋಗುವುದೆಲ್ಲಿಗೆ? ಅವನು ಪ್ರಯತ್ನಿಸದೆ ಇರಲಿಲ್ಲ. ಹದಿನೈದು ದಿನದ ಹಿಂದೆ, ಮೇಡಂ ಊಟಕ್ಕೆ ಹೋದಾಗ, ನಿಲ್ದಾಣದ ಆಚೆ ಬದಿಯ ಇನ್ನೊಂದು ಬಾಡಿಗೆ ಮನೆ ಅಂಗಡಿಗೆ ಕೆಲಸದ ಅರ್ಜಿಯೊಂದನ್ನು ಅಚ್ಚು ಹಾಕಿಕೊಂಡಿದ್ದ. ಮೊದಲ ಪ್ರತಿಯಲ್ಲಿ ನಿಜ ಬರೆದು, ಓದಿ, ಹೆದರಿ, ಎರಡನೇ ಪ್ರತಿಯಲ್ಲಿ ಚೆಂದದ ಸುಳ್ಳು ಬರೆದು ಕಳಿಸಿದ್ದ. ಸುಳ್ಳೂ ನಡೆಯಲಿಲ್ಲ. ಮೊನ್ನೆ ಮಂಗಳವಾರ ನಾಲ್ಕು ಸಾಲಿನ ನಿರಾಕರಣೆ ಬಂದಿತ್ತು. ನಾಲ್ಕು ಸಾಲಿನಲ್ಲಿ ಐದು ಸಲ ಕ್ಷಮೆ ಕೇಳಿದ್ದರು. ಈಗ ಈ ಕುರ್ಚಿಯೊಂದೇ ಗತಿ.

ಮೇಡಂ ಹೇಳಿದಂತೆ ಅವನು ಮೂರನೇ ಓಣಿಯ ಬಾಡಿಗೆದಾರರಿಗೆ ಒಂದು ತಿಳಿವಳಿಕೆ ಪತ್ರ ಬರೆದಿದ್ದ. 'ನಿಮ್ಮ ಗುಟ್ಟು ನಮ್ಮಲ್ಲಿ ಭದ್ರ' ಎಂದು ಶುರುವಾಗುವ ಪತ್ರ. ಕೆಳಗೆ ಮೂರು ಎಚ್ಚರಿಕೆಗಳು; ಮೂರನೆಯದನ್ನು ಬರೆದಾಗ ಅವನಿಗೇ ಹೆಮ್ಮೆಯಾಗಿತ್ತು: 'ನಮ್ಮ ಅಂಗಡಿಯವನೆಂದು ಹೇಳಿಕೊಂಡು ಯಾರಾದರೂ ನೆರೆಯವರ ವಿಷಯ ಕೇಳಿದರೆ ಏನನ್ನೂ ಹೇಳಬೇಡಿ.' ಓಣಿಯ ಪದ್ಧತಿಯಂತೆ ಪತ್ರವನ್ನು ಸುತ್ತೋಲೆ ಹಲಗೆಗೆ ಸಿಕ್ಕಿಸಿದ. ಹಲಗೆ ಮನೆಯಿಂದ ಮನೆಗೆ ಹೋಗುತ್ತದೆ. ಓದಿದವರು ತಮ್ಮ ಹೆಸರಿನ ಮುದ್ರೆ ಒತ್ತಿ ಮುಂದಿನವರಿಗೆ ಕೊಡುತ್ತಾರೆ. ಒಂಬತ್ತು ಮನೆ ಸುತ್ತಿ ಓಣಿಯ ಮುಖ್ಯಸ್ಥೆ ಉಮೇನೋ ಅಜ್ಜಿಯ ಕೈಗೆ ವಾಪಸು ಬರಲು ಎಂಟು ದಿನ ಹಿಡಿಯುತ್ತದೆ.

ಎಂಟೂವರೆಗೆ ಮೊಮೋಸೆ ಹಲಗೆಯನ್ನು ಅಜ್ಜಿಗೆ ಕೊಟ್ಟ. ಜೊತೆಗೆ ಎಂದಿನಂತೆ ಕಿತ್ತಳೆ ಪೆಟ್ಟಿಗೆಯಿಂದ ಒಂದು ಹಿಡಿ ಹಾಳೆ. ಅಜ್ಜಿ ಅವುಗಳನ್ನು ಮಡಚಿ ಹಣ್ಣಿನ ಸಿಪ್ಪೆ ಹಾಕಲು ಪುಟ್ಟ ಪುಟ್ಟ ಡಬ್ಬಿ ಮಾಡುತ್ತಿದ್ದಳು.

"ಸಂಜೇನೇ ಸಾಹೇಬ್ರು ಬರ್ತಾರೆ ಅಜ್ಜಿ, ಸ್ವಲ್ಪ ಬೇಗ ಸುತ್ತಿಸಿ."

"ನಾನು ಕೊಡೋದು ಬೇಗಾನೇ ಕೊಡ್ತೀನಪ್ಪ. ಜನ ಓದೋ ಹಾಗೆ ಏನಾದ್ರೂ ಬರೆದಿದ್ದೀಯೋ ಇಲ್ವೋ ಅದನ್ನ ಹೇಳು."

ಹತ್ತಕ್ಕೆ ಮೇಡಂ ಪೆಟ್ಟಿಗೆಯಲ್ಲಿ ಉಳಿದ ಹಾಳೆಗಳನ್ನೆಲ್ಲ ಚೂರು ಮಾಡುವ ಯಂತ್ರಕ್ಕೆ ಹಾಕಲು ಹೇಳಿದರು. ಹೇಳುವಾಗ ಅವರ ದನಿ ಹತ್ತಿರದ ನೆಂಟರನ್ನು ಮಣ್ಣು ಮಾಡಿಬಂದವರ ಹಾಗಿತ್ತು. ಮೊಮೋಸೆ ಒಂದೊಂದೇ ಹಾಳೆ ತಿನ್ನಿಸುತ್ತ, ನಿಜ ಬರೆದಿದ್ದ ತನ್ನ ಅರ್ಜಿ ಇಲ್ಲೇನಾದರೂ ಸೇರಿದೆಯೇ ಎಂದು ಕಣ್ಣಿಟ್ಟಿದ್ದ. ಅದು ಕಾಣಲಿಲ್ಲ. ಆದರೆ ಬಾಡಿಗೆದಾರರ ಹಳೆಯ ಪಟ್ಟಿ ಕಂಡಿತು. ಒಂದನೇ ಓಣಿ, ಎರಡನೇ ಓಣಿ, ನಾಲ್ಕನೇ ಓಣಿ.

ಮೂರನೇ ಓಣಿ ಇರಲಿಲ್ಲ.

ತಿಳಿವಳಿಕೆ ಪತ್ರವನ್ನು ಹಲಗೆಗೆ ಸಿಕ್ಕಿಸುವಾಗ ಹಾಳೆಯ ಹಿಂದಿನಿಂದ ಏನೋ ಅಕ್ಷರ ಇಣುಕಿದ್ದು ಅವನಿಗೆ ನೆನಪಾಯಿತು. ಪಟ್ಟಿಯ ಕೊನೆಯ ಅಂಕಣದ ಹೆಸರು 'ವಿಶೇಷ ಸೂಚನೆ'. ಅದನ್ನು ತುಂಬುತ್ತಿದ್ದವನು ಅವನೇ.

"ಮೇಡಂ, ಓಣಿಯಲ್ಲಿ ರಕ್ಷಣೆ ಹೇಗಿದೆ ಅಂತ ನೋಡಿ ಬರ್ತೀನಿ!" ಎಂದು ಕೂಗಿ ಓಡಿದ.

ಉಮೇನೋ ಅಜ್ಜಿ ಬಾಗಿಲಲ್ಲೇ ಕೂತು ಡಬ್ಬಿ ಮಡಚುತ್ತಿದ್ದಳು.

"ಹಲಗೆನಾ? ಆಗಲೇ ದಾಟಿಸಿದೆ. ಎರಡೂ ಕಡೆ ಓದಿದೆ ಕಣಪ್ಪ, ಚೆನ್ನಾಗಿ ಬರೆದಿದ್ದೀಯ. ಆದ್ರೆ ನಂಗೆ ಎಪ್ಪತ್ತೊಂಬತ್ತು ಅಂತ ಹಾಕಿದ್ದೀಯಲ್ಲ, ಎಪ್ಪತ್ನಾಲ್ಕು. ಕೆಂಪು ಶಾಯಿಯಲ್ಲಿ ತಿದ್ದಿದ್ದೀನಿ. ತಿದ್ದಿದ ಕಡೆ ಮುದ್ರೇನೂ ಒತ್ತಿದ್ದೀನಿ, ನಿಯಮದ ಪ್ರಕಾರ."

"ಅಜ್ಜಿ, ಅದು ಗುಟ್ಟಿನ ಪಟ್ಟಿ!"

"ಗುಟ್ಟಾ? ಇದರಲ್ಲಿ ಹೊಸದೇನಿದೆ? ಕ್ಷೌರದ ಕಮೆಜಿಮಾ ಕರಾರು ಮೀರಿ ಬೆಕ್ಕು ಬಚ್ಚಿಟ್ಟಿರೋದು ಬೆಕ್ಕು ಹುಟ್ಟೋಕೆ ಮುಂಚೆ ನಂಗೆ ಗೊತ್ತಿತ್ತು."

"ಹಲಗೆ ಈಗ ಯಾರ ಮನೇಲಿದೆ?"

ಅಜ್ಜಿ ಕೈ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೆರೆಯವರ ವಿಷಯ. ನಾನು ಹೇಳೋ ಹಾಗಿಲ್ಲ. ಮೂರನೇ ಎಚ್ಚರಿಕೆ."

ಬೇರೆ ದಿನವಾಗಿದ್ದರೆ ಕೇಳುವ ಅಗತ್ಯವೇ ಇರಲಿಲ್ಲ. ಹಲಗೆ ಪಕ್ಕದ ಮನೆಗೆ ಹೋಗುತ್ತಿತ್ತು. ಇವತ್ತು ಅದು ಸ್ವಾರಸ್ಯ ಎಲ್ಲಿತ್ತೋ ಅಲ್ಲಿಗೆ ಹೋಗುತ್ತಿತ್ತು. ಯಾರ ವಿಶೇಷ ಸೂಚನೆ ಹೆಚ್ಚು ವಿಶೇಷವಾಗಿತ್ತೋ ಅವರ ಮನೆಗೆ ಜನ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹಲಗೆ ಹೊತ್ತು ಓಡಿದ್ದರು.

ಬೆಕ್ಕಿನ ಸುಳಿವು ಹಿಡಿದು ಮೊಮೋಸೆ ಕಮೆಜಿಮಾನ ಕ್ಷೌರದಂಗಡಿಗೆ ನುಗ್ಗಿದ.

"ಬನ್ನಿ ಬನ್ನಿ ಮೊಮೋಸೆ ಸಾನ್! ಒಂದು ಬೆಕ್ಕು ಅಂತ ಬರೆದಿದ್ದೀರಲ್ಲ, ಎರಡಿವೆ. ಇನ್ನೊಂದಕ್ಕೆ ಬೇಜಾರಾಗಲ್ವಾ? ಹೆಸರು ಸಮೇತ ಸೇರಿಸಿದ್ದೀನಿ."

"ಹಲಗೆ ಎಲ್ಲಿ?"

"ಅಪರಿಚಿತರಿಗೆ ಹೇಳಬಾರದು ಅಂತ ನೀವೇ ಬರೆದಿದ್ದೀರಿ."

"ನಾನು ಅಪರಿಚಿತನಾ? ಏಳು ವರ್ಷದಿಂದ ನೋಡ್ತಿದ್ದೀರಿ!"

"ಏಳು ವರ್ಷದಲ್ಲಿ ಒಂದು ದಿನ ಇಲ್ಲಿ ತಲೆ ಕೊಟ್ಟಿದ್ದೀರಾ? ಗಿರಾಕಿ ಆದ್ರೆ ಬೇರೆ ಮಾತು. ಗಿರಾಕಿ ಹತ್ರ ನಾನು ಎಲ್ಲಾ ಮಾತಾಡ್ತೀನಿ."

ಮೊಮೋಸೆ ಕುರ್ಚಿಯಲ್ಲಿ ಕೂತ. ಕಮೆಜಿಮಾ ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಮೊದಲು ಹವಾಮಾನ, ಆಮೇಲೆ ಬೇಸ್‌ಬಾಲು, ಆಮೇಲೆ ತನ್ನ ಭಾವಮೈದುನನ ಮೂತ್ರಪಿಂಡದ ಕಲ್ಲು, ಹೀಗೆ ಕ್ರಮವಾಗಿ ಮಾತಾಡಿದ. ಎಡಗಡೆ ಮುಗಿದು ಕತ್ತರಿ ನೆತ್ತಿಗೆ ಬಂದಿತ್ತು. ಆಗ ಕನ್ನಡಿಯಲ್ಲಿ ಮೊಮೋಸೆಗೆ ಬೀದಿ ಕಂಡಿತು. ಬೀದಿಯಲ್ಲಿ ಒಬ್ಬ ಹೆಂಗಸು ಸೈಕಲ್ಲಿನ ಬುಟ್ಟಿಯಲ್ಲಿ ಹಲಗೆ ಇಟ್ಟುಕೊಂಡು ಭರ್ರನೆ ಹೋಗುತ್ತಿದ್ದಳು.

ಬಿಳಿ ಬಟ್ಟೆ ಹಾರಿಸುತ್ತ, ಅರ್ಧ ತಲೆಯ ಮೊಮೋಸೆ ಬೆನ್ನು ಹತ್ತಿದ. ಆ ಹೆಂಗಸು ಒಮ್ಮೆ ಹಿಂತಿರುಗಿ ನೋಡಿದಳು. ಮಟಮಟ ಮಧ್ಯಾಹ್ನದಲ್ಲಿ ದೆವ್ವ ಕಂಡವಳಂತೆ ಚೀರಿ ಪೆಡಲು ತುಳಿದಳು, ಮೂಲೆ ತಿರುಗಿ ಮಾಯವಾದಳು.

ಮೂಲೆಯ ಮನೆ ನಿವೃತ್ತ ಶಾಲಾ ಮೇಷ್ಟ್ರು ಹಿರುಕಾವಾ ಅವರದು. ಮೇಷ್ಟ್ರು ಬಾಗಿಲನ್ನು ಸರಪಳಿಯಷ್ಟೇ ಅಗಲ ತೆರೆದರು.

"ಯಾರು?"

"ಮೇಷ್ಟ್ರೇ, ನಾನು ಇಗಾರಶಿ ಅಂಗಡಿಯ ಮೊಮೋಸೆ."

"ಹಾಗಂತ ಹೇಳ್ಕೊಂಡು ಬರ್ತಾರೆ ಅಂತ ಪತ್ರದಲ್ಲಿತ್ತು. ಪತ್ರಕ್ಕೆ ನೂರಕ್ಕೆ ಅರವತ್ತೆರಡು ಕೊಟ್ಟಿದ್ದೀನಿ. 'ಇನ್ನೂ ಶ್ರಮಿಸಬೇಕು' ಅಂತಾನೂ ಬರೆದಿದ್ದೀನಿ. ತಾಳು, ವಿಚಾರಿಸ್ತೀನಿ." ಮೇಷ್ಟ್ರು ಒಳಗೆ ಹೋಗಿ ಅಂಗಡಿಗೆ ಫೋನು ಹಚ್ಚಿದರು. "ಹಲೋ, ಇಲ್ಲೊಬ್ಬ ಅರ್ಧ ತಲೆಯವನು, ಮೈಮೇಲೆ ಬೆಡ್‌ಶೀಟು, ನಿಮ್ಮ ಕಡೆಯವನು ಅಂತಾನೆ. ಹೌದಾ?"

ಆ ಕಡೆಯಿಂದ ಇಗಾರಶಿ ಮೇಡಂ ದನಿ ಬಾಗಿಲಾಚೆಗೂ ಕೇಳಿಸಿತು. "ಕ್ಷಮಿಸಿ. ನಮ್ಮ ನೌಕರರ ವಿವರ ನಾವು ಯಾರಿಗೂ ಕೊಡೋದಿಲ್ಲ. ಮಾಹಿತಿ ರಕ್ಷಣೆ!"

ಮೇಷ್ಟ್ರು ಮೆಚ್ಚುಗೆಯಿಂದ ತಲೆದೂಗಿ ಫೋನು ಇಟ್ಟರು. ಬಾಗಿಲು ಹಾಕಿಕೊಂಡರು. ಒಂದು ಕ್ಷಣದ ನಂತರ ಮತ್ತೆ ತೆರೆದು, "ವಿಶೇಷ ಸೂಚನೇಲಿ 'ಬೆಳಗಿನ ಜಾವ ಹಾಡುತ್ತಾರೆ' ಅಂತಿದೆ. ಅದು ಹಾಡಲ್ಲ, ಉಸಿರಾಟದ ವ್ಯಾಯಾಮ. ತಿದ್ದಿದ್ದೀನಿ," ಎಂದು ಹೇಳಿ ಮತ್ತೆ ಹಾಕಿಕೊಂಡರು.

ಹೀಗೆ ಒಂದೊಂದು ಬಾಗಿಲು. ಎಲ್ಲರೂ ನಗುತ್ತ ಮಾತಾಡಿಸಿದರು, ಕೆಲವರು ಬಾರ್ಲಿ ಚಹಾ ಕೊಟ್ಟರು, ತಮ್ಮ ತಮ್ಮ ಸಾಲು ತಿದ್ದಿದ್ದನ್ನು ವಿವರಿಸಿದರು. ಹಲಗೆ ಎಲ್ಲಿ ಎಂದೊಡನೆ ಕಪ್ಪೆಚಿಪ್ಪಿನ ಹಾಗೆ ಬಾಯಿ ಮುಚ್ಚಿದರು. ಇಡೀ ಊರಿನಲ್ಲಿ ಮಾಹಿತಿ ರಕ್ಷಣೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಓಣಿ ಇನ್ನೊಂದಿರಲಿಲ್ಲ. ಮೊಮೋಸೆ ಒಂದು ನೀರಿನ ನಲ್ಲಿಯ ಪಕ್ಕ ಕುಸಿದು ಕೂತ. ತಲೆಯ ಎಡಭಾಗಕ್ಕೆ ಮಾತ್ರ ಚಳಿಯಾಗುತ್ತಿತ್ತು.

ನಾಲ್ಕೂವರೆಗೆ, ಇನ್ನು ಮುಗಿಯಿತೆಂದು ಉಮೇನೋ ಅಜ್ಜಿಯ ಮನೆಯ ಮುಂದೆ ಹಾದು ಹೋಗುತ್ತಿದ್ದಾಗ, ಅಜ್ಜಿಯೇ ಕೂಗಿದಳು.

"ಏ ಮೊಮೋಸೆ ಸಾನ್, ತಗೋ ನಿನ್ನ ಹಲಗೆ. ಒಂಬತ್ತು ಮನೆ, ಒಂಬತ್ತು ಮುದ್ರೆ. ಎಂಟು ದಿನದ್ದು ಎಂಟು ಗಂಟೇಲಿ ಮುಗೀತು ನೋಡು. ಅಯ್ಯೋ, ತಲೆಗೇನಾಯ್ತು?"

ಮೊಮೋಸೆ ಹಲಗೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಅಂಗಡಿಗೆ ಓಡಿದ. ಮೇಡಂ ಹಿಂದಿನ ಕೋಣೆಯಲ್ಲಿ ಸಾಹೇಬರಿಗೆ ಚಹಾ ಬಟ್ಟಲು ತೊಳೆಯುತ್ತಿದ್ದರು. ಅವನು ಹಾಳೆ ಕಿತ್ತು ನೇರವಾಗಿ ಯಂತ್ರದ ಬಾಯಿಗಿಟ್ಟ. ಗರಗರ ಎಂದು ಕಮೆಜಿಮಾನ ಎರಡು ಬೆಕ್ಕು, ಮೇಷ್ಟ್ರ ಹಾಡು, ಅಜ್ಜಿಯ ಎಪ್ಪತ್ನಾಲ್ಕು ವರ್ಷ ಎಲ್ಲವೂ ಶ್ಯಾವಿಗೆಯಾಗಿ ಬುಟ್ಟಿಗೆ ಬಿದ್ದವು. ಅವನ ಕಣ್ಣಲ್ಲಿ ನೀರು ಬಂತು.

ಐದಕ್ಕೆ ಸರಿಯಾಗಿ ಶಿರಹಾಮಾ ಸಾನ್ ಬಂದರು. ಇಸ್ತ್ರಿ ಮಾಡಿದ ಮುಖದ ಮನುಷ್ಯ. ಕಂಪ್ಯೂಟರಿನ ಬೀಗ ನೋಡಿದರು, ಖಾಲಿ ಕಿತ್ತಳೆ ಪೆಟ್ಟಿಗೆ ನೋಡಿದರು, ತೋಳಪಟ್ಟಿ ನೋಡಿದರು, ಅರ್ಧ ತಲೆಯನ್ನು ನೋಡಿಯೂ ನೋಡದಂತಿದ್ದರು.

"ಎಲ್ಲಾ ಸರಿಯಾಗಿದೆ. ಇನ್ನು ಒಂದೇ ಒಂದು. ಬಾಡಿಗೆದಾರರು ಮುದ್ರೆ ಒತ್ತಿದ ಆ ತಿಳಿವಳಿಕೆ ಪತ್ರ ಕೊಡಿ. ಅದೊಂದಿದ್ರೆ ಹಾವುಮೀನಿನ ಪ್ರಕರಣ ಮುಚ್ಚಿಬಿಡ್ತೀನಿ. ಇಲ್ಲದಿದ್ರೆ..." ಅವರು ಚಹಾ ಬಟ್ಟಲನ್ನು ಕೆಳಗಿಟ್ಟರು.

ಮೇಡಂ ಮೊಮೋಸೆಯ ಕಡೆ ತಿರುಗಿದರು. ಮೊಮೋಸೆ ಶ್ಯಾವಿಗೆಯ ಬುಟ್ಟಿಯ ಕಡೆ ತಿರುಗಿದ. ಗೋಡೆ ಗಡಿಯಾರಕ್ಕೆ ಇಷ್ಟು ದೊಡ್ಡ ಗಂಟಲಿದೆಯೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲು ಸರಿಯಿತು. ಉಮೇನೋ ಅಜ್ಜಿ.

"ಬೆಳಗ್ಗಿಂದ ಕೋತಿ ಥರ ಕುಣೀತಿದ್ದೆ, ಎಲ್ಲಾದ್ರೂ ಕಳೀತೀಯ ಅಂತ ನಂಗನ್ನಿಸ್ತು. ಹಲಗೆ ಕೊಡೋಕೆ ಮುಂಚೆ ಮನೆಯ ಫ್ಯಾಕ್ಸಲ್ಲಿ ಒಂದು ನಕಲು ತೆಗೆದಿಟ್ಟಿದ್ದೆ." ಹಾಳೆಯನ್ನು ಸಾಹೇಬರ ಮುಂದಿಟ್ಟು, ಮೊಮೋಸೆಯ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದಳು. "ಮುಂಭಾಗ ಮಾತ್ರ ಕಣೋ. ಹಿಂದಿನದು ಗುಟ್ಟಲ್ವಾ."

ಶಿರಹಾಮಾ ಸಾನ್ ಮುದ್ರೆಗಳನ್ನು ಎಣಿಸಿದರು. ಒಂಬತ್ತು. ಕೆಳಗೆ ಸಂಘದ ಕೆಂಪು ಮುದ್ರೆಯನ್ನು ತಾವೂ ಒತ್ತಿದರು. "ಒಂದೇ ದಿನದಲ್ಲಿ ಒಂಬತ್ತು ಮನೆ! ಇಂಥ ಶಿಸ್ತು ನಾನು ನೋಡಿಲ್ಲ. ಇದನ್ನ ಹೊರಗಡೆ ಗಾಜಿಗೆ ಅಂಟಿಸಿ, ಹೋಗಿಬರೋರು ಓದಲಿ."

ಮೊಮೋಸೆಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೊರಗೆ ಓಡಿ, ಮುದ್ರೆಗಳ ಮೇಲಿಂದ ಕಣ್ಣು ತೆಗೆಯದೆ, ನಾಲ್ಕು ಮೂಲೆಗೂ ಟೇಪು ಹಾಕಿ ಹಾಳೆಯನ್ನು ಗಾಜಿಗೆ ಒತ್ತಿ ಅಂಟಿಸಿದ. ಶಿರಹಾಮಾ ಸಾನ್ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿ ನಿಂತ. ನೆಟ್ಟಗಾಗಿ ತಿರುಗಿದರೆ, ಗಾಜಿನ ಒಳಗೆ ಮೇಡಂ ತಮ್ಮ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಅದೇ ಹಾಳೆಯನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಎಂಥ ಅಭಿಮಾನ! ಮೊಮೋಸೆ ನಕ್ಕು ಕೈ ಬೀಸಿದ.

ಮೇಡಂ ಬೆರಳಿನಿಂದ ಒಳಗೆ ಕರೆದರು.

ಮುಂಭಾಗ ಬೀದಿಗಿದ್ದರೆ, ಒಳಗಿನವರು ಓದುತ್ತಿರುವುದು ಏನನ್ನು? ಬಾಗಿಲಿಗೆ ಕೈ ಹಾಕಿದಾಗಷ್ಟೇ ಅವನಿಗೆ ಹೊಳೆಯಿತು. ಬೆಳಿಗ್ಗೆ ಅಜ್ಜಿಗೆ ಕೊಟ್ಟ ಹಿಡಿ ಹಾಳೆ. ಅಜ್ಜಿಯೂ ಹಾಳೆ ಹಾಳುಮಾಡುವವಳಲ್ಲ, ನಕಲು ತೆಗೆಯಲು ಅದರದೇ ಒಂದು ಹಾಳೆಯನ್ನು ಫ್ಯಾಕ್ಸಿಗೆ ಹಾಕಿದ್ದಳು.

ಸಂಜೆಯ ಬಿಸಿಲಿಗೆ ಗಾಜಿನ ಮೇಲೆ ಅಕ್ಷರಗಳು ದೀಪ ಹಚ್ಚಿದಂತಿದ್ದವು. ಕೆಲಸದ ಅರ್ಜಿ. ಮೊದಲ ಪ್ರತಿ. ಮೇಡಂ ಗಟ್ಟಿಯಾಗಿ ಓದಿದರು: "ಈಗಿನ ಕೆಲಸ ಬಿಡಲು ಕಾರಣ: ಯಜಮಾನಿಯ ಜಿಪುಣತನ. ಹಾಳೆಯ ಎರಡೂ ಮಗ್ಗುಲು ಮುಗಿಯುವ ತನಕ ಅದಕ್ಕೂ ಬಿಡುಗಡೆಯಿಲ್ಲ, ನಮಗೂ ಇಲ್ಲ."

ಅಲ್ಲೇ ಒಂದು ಕುರ್ಚಿಯಲ್ಲಿ ಕೂತಿದ್ದ ಉಮೇನೋ ಅಜ್ಜಿ ತಲೆದೂಗಿದಳು. "ಬರವಣಿಗೆ ಚೆನ್ನಾಗಿದೆ."

ಮೇಡಂ ಎದ್ದು ಹೊರಗೆ ಹೋಗಿ, ಟೇಪು ಹರಿಯದಂತೆ ಜೋಪಾನವಾಗಿ ಹಾಳೆ ಬಿಡಿಸಿ ತಂದು, ಮೇಜಿನ ಮೇಲೆ ಮಗುಚಿ ಹಾಕಿದರು. ಕೆಂಪು ಪೆನ್ನು ತೆಗೆದರು.

"ಈ ಅಂಗಡಿಯಲ್ಲಿ ಸೇವೆ, ಏಳು ವರ್ಷದಿಂದ ಇಂದಿನವರೆಗೆ ಮುಂದುವರಿದಿದೆ ಅಂತ ಬರೆದಿದ್ದೀಯ. ತಪ್ಪು." 'ಮುಂದುವರಿದಿದೆ' ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಮುಕ್ತಾಯ' ಎಂದು ಇವತ್ತಿನ ತಾರೀಕು ಬರೆದು, ಹಾಳೆಯನ್ನು ಅವನ ಕಡೆ ಸರಿಸಿದರು. "ತಿದ್ದಿದ ಕಡೆ ನಿನ್ನ ಮುದ್ರೆ ಒತ್ತು, ಮೊಮೋಸೆ. ನಿಯಮದ ಪ್ರಕಾರ."

"ಹೌದು ಮೇಡಂ," ಎಂದ ಮೊಮೋಸೆ.