ಲೆಕ್ಕಕ್ಕಿಲ್ಲದ ಹಕ್ಕರಕಿ

ವಾದದಲ್ಲಿ ನನ್ನನ್ನು ಸೋಲಿಸುವವರು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಹುಟ್ಟಿಲ್ಲ ಎಂಬ ನಂಬಿಕೆಯೊಂದಿಗೇ ನಾನು ಆಪರೇಶನ್ ಥಿಯೇಟರಿನೊಳಗೆ ಹೋದೆ. ಅದೇ ನಂಬಿಕೆಯೊಂದಿಗೆ ಹೊರಗೂ ಬಂದೆ. ಬಾಲ್ಯದ ಜ್ವರವೊಂದು ಕೆಡಿಸಿಟ್ಟಿದ್ದ ಹೃದಯದ ಕವಾಟವನ್ನು ತೆಗೆದು, ಕೃತಕವಾದ ಹೊಸದೊಂದನ್ನು ಕೂಡಿಸಿದ್ದರು. ಬದಲಾದದ್ದು ಕವಾಟ ಮಾತ್ರ. ಬಾಯಿ ಮೊದಲಿನದೇ!

ಆ ಬಾಯಿಯೇ ನನ್ನ ಉದ್ಯೋಗ. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಕಾಲೇಜು ಹುಡುಗರಿಗೆ ಚರ್ಚಾಸ್ಪರ್ಧೆಯ ತರಬೇತಿ ಕೊಡುತ್ತೇನೆ. ಆದರೆ ಆಸ್ಪತ್ರೆಯಿಂದ ನೇರ ಆ ಕೋಣೆಗೆ ಹೋಗಲು ಯಾರೂ ಬಿಡಲಿಲ್ಲ. ಹುಬ್ಬಳ್ಳಿ ಅಂಚಿನ ಗಬ್ಬೂರಿನಲ್ಲಿರುವ ಅವ್ವನ ಮನೆಗೆ ಕರೆತಂದರು. ಅವ್ವ ಮಿಶನ್ ಶಾಲೆಯ ನಿವೃತ್ತ ಶಿಕ್ಷಕಿ. ಕೈ ಊರಿ ಏಳಬೇಡ, ಭಾರ ಎತ್ತಬೇಡ, ಕೆಮ್ಮು ಬಂದರೆ ದಿಂಬು ಅಪ್ಪಿಕೋ! ಮೂವತ್ತರ ಹತ್ತಿರದ ನಾನು ಮತ್ತೆ ಒಂದನೇ ಇಯತ್ತೆಗೆ ಸೇರಿದ್ದೆ.

ಹೇಗಾದರೂ ಮಾಡಿ ನನ್ನ ಕೋಣೆಗೆ ಮರಳಬೇಕಿತ್ತು. ಡಾಕ್ಟರರ ಷರತ್ತು ಒಂದೇ. ಹೊಸ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಮಾತ್ರೆ ಕೊಟ್ಟಿದ್ದರು. ರಕ್ತಪರೀಕ್ಷೆಯಲ್ಲಿ ಅದರ ಅಳತೆ ಸರಿಯಾಗಿ ಬಂದು ನಿಲ್ಲಬೇಕು. ನಿಂತರೆ ಸಪ್ತಾಪುರ, ಇಲ್ಲದಿದ್ದರೆ ಗಬ್ಬೂರೇ ಗತಿ. ಮೈಸೂರು ಕಡೆಯ ಆ ಡಾಕ್ಟರು ಮೆತ್ತಗೆ ಹೇಳಿದ್ದರು: "ಸೊಪ್ಪು ಜಾಸ್ತಿಯಾದರೆ ಮಾತ್ರೆ ಸರಿಯಾಗಿ ಕೆಲಸ ಮಾಡಲ್ಲ. ಹಾಗಂತ ಪೂರ್ತಿ ಬಿಡಬೇಡಿ. ದಿನಾ ಒಂದೇ ಅಳತೆ ಇರಲಿ, ಅಷ್ಟೇ."

ಅಷ್ಟೇ ತಾನೆ! ಇದೇನು ಮಹಾ?

ಮರುದಿನವೇ ನೆರೆಮನೆಯ ಎಸ್ತರಕ್ಕ ಬಂದರು. ಅವ್ವನ ಕೈಯಲ್ಲಿದ್ದ ಮೆಂತೆಯ ಸೂಡು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಟೀಚರ್, ತಪ್ಪಲಪಲ್ಯ ಅಂದ್ರ ಈಕಿಗಿ ವಿಷ ಇದ್ದಂಗ್ರಿ! ನಮ್ಮ ಭಾವಗೂ ಬ್ಯಾಡ ಅಂದಾರ."

ನಾನು ದಿಂಬಿಗೊರಗಿದ್ದಲ್ಲಿಂದಲೇ ಪಾಟೀಸವಾಲು ಶುರುಮಾಡಿದೆ. "ನಿಮ್ಮ ಭಾವನೋರಿಗೂ ಕವಾಟ ಹಾಕ್ಯಾರೇನ್ರಿ ಎಸ್ತರಕ್ಕ?"

"ಇಲ್ಲವಾ, ಅವರಿಗಿ ಮೊಣಕಾಲ ನೋವು."

"ಮುಗೀತಲ್ರಿ! ಡಾಕ್ಟರ್ ಬಿಡು ಅಂದಿಲ್ಲ, ಅಳತಿ ಇರಲಿ ಅಂದಾರ. ದಿನಾ ಒಂದ ವಾಟಗಾ ಪಲ್ಯ. ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ."

ಎಸ್ತರಕ್ಕ ಸೆರಗು ಸರಿಪಡಿಸಿಕೊಂಡು ಮನೆಗೆ ಹೊರಟರು. ಅವ್ವ ಸ್ಟೀಲಿನ ಬಟ್ಟಲೊಂದನ್ನು ನನಗಾಗಿಯೇ ಎತ್ತಿಟ್ಟಳು. ಪಲ್ಯ ತುಂಬಿ, ಚಮಚದ ಹಿಡಿಕೆಯಿಂದ ಮೇಲೆ ಸವರಿ ಮಟ್ಟ ಮಾಡಿ ಕೊಡುತ್ತಿದ್ದಳು. ವಿಜ್ಞಾನಕ್ಕೆ ಜಯವಾಯಿತು!

ರವಿವಾರ ಚರ್ಚಿನ ಆರಾಧನೆ ಮುಗಿಸಿಕೊಂಡು ಜನ ನನ್ನನ್ನು ಮಾತಾಡಿಸಲು ಬಂದರು. ಬೇರೆ ಊರುಗಳಲ್ಲಿ ರೋಗಿಗೆ ಸೇಬು, ಮೋಸಂಬಿ ಒಯ್ಯುತ್ತಾರಂತೆ. ನಮ್ಮವರು ಹಿತ್ತಿಲಿನಲ್ಲಿ, ಹೊಲದ ಬದುವಿನಲ್ಲಿ ಕಿತ್ತ ಎಳೆ ಸೊಪ್ಪು, ನಮ್ಮ ಮಾತಿನಲ್ಲಿ ತಪ್ಪಲು, ತಂದರು.

"ನಿನ್ನ ಸಲುವಾಗಿ ಪ್ರಾರ್ಥನಾ ಮಾಡೇವಿ ಶೀಲಾ. ಹಕ್ಕರಕಿನೂ ತಂದೇವಿ. ಭಾಳ ಎಳೀದೈತಿ."

ಪ್ರಾರ್ಥನೆಯ ಬಗ್ಗೆ ನನ್ನ ತಕರಾರುಗಳಿದ್ದವು, ಸವಿಸ್ತಾರವಾಗಿ ಮಂಡಿಸಿದೆ. ಹಕ್ಕರಕಿಯ ಬಗ್ಗೆ ಯಾವ ತಕರಾರೂ ಇರಲಿಲ್ಲ.

ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಪಕ್ಕಕ್ಕೆ ಹಸಿ ಹಕ್ಕರಕಿ, ಹಸಿ ಮೆಂತೆ, ಉಳ್ಳಾಗಡ್ಡಿ ತಪ್ಪಲು. ಈ ಹಸಿ ತಪ್ಪಲನ್ನು ನಮ್ಮ ಕಡೆ ಯಾರೂ ಪದಾರ್ಥವೆಂದು ಎಣಿಸುವುದಿಲ್ಲ. ಅದು ಒಲೆ ಹತ್ತಿಲ್ಲ, ಒಗ್ಗರಣೆ ಕಂಡಿಲ್ಲ, ಬಟ್ಟಲಿಗೆ ಇಳಿದಿಲ್ಲ. ರೊಟ್ಟಿಯ ಜೊತೆ ಸುಮ್ಮನೆ ಬಂದು ಹೋಗುವ ನೆಂಟ. ಮನೆಗೆ ಬಂದ ನೆಂಟನನ್ನು ಯಾರಾದರೂ ಅಳೆಯುತ್ತಾರೆಯೇ?

ವಾರದ ಪರೀಕ್ಷೆಯಲ್ಲಿ ಮಾತ್ರೆ ಸಾಲುತ್ತಿಲ್ಲವೆಂದು ಗೊತ್ತಾಯಿತು. ಡಾಕ್ಟರು ಸ್ವಲ್ಪ ಹೆಚ್ಚಿಸಿದರು. ಮುಂದಿನ ವಾರವೂ ಅದೇ ಹಾಡು, ಇನ್ನಷ್ಟು ಹೆಚ್ಚಿಸಿದರು. ಸಪ್ತಾಪುರ ದೂರ ಸರಿಯತೊಡಗಿತು. ನಾನು ತನಿಖೆಗೆ ಇಳಿದೆ.

ಮೊದಲ ಆರೋಪಿ, ರಕ್ತ ತೆಗೆದುಕೊಂಡ ಪ್ರಯೋಗಾಲಯ. ಅಲ್ಲಿಯ ಹುಡುಗಿಯೊಡನೆ ಯಂತ್ರದ ವಿಶ್ವಾಸಾರ್ಹತೆಯ ಬಗ್ಗೆ ಸುದೀರ್ಘ ಸಂವಾದ ನಡೆಸಿ, ಬೇರೊಂದು ಪ್ರಯೋಗಾಲಯಕ್ಕೆ ಹೋದೆ. ಅಲ್ಲಿಯೂ ಫಲಿತಾಂಶ ಅದೇ! ಎರಡನೆಯ ಆರೋಪಿ, ಅವ್ವ.

ಊಟಕ್ಕೆ ಕೂತಲ್ಲೇ ವಿಚಾರಣೆ ಆರಂಭಿಸಿದೆ. "ಅವ್ವಾ, ಖರೇ ಹೇಳು. ಬ್ಯಾಳ್ಯಾಗ ಪಾಲಕ ಹಾಕಾಕತ್ತೀ ಹೌದಿಲ್ಲೋ?"

"ನಾ ಯಾಕ ಹಾಕಲಿ?"

"ನಾ ಸೊರಗೇನಿ ಅಂತ ನಿನಗ ಅಂತಃಕರಣ! ಕದ್ದು ಹಾಕಾಕತ್ತೀ!"

"ಮೊದಲ ಬಾಯಾಗಿಂದು ನುಂಗು. ಆಮ್ಯಾಲ ಪ್ರಶ್ನಿ ಕೇಳು."

ನುಂಗಿದೆ. ಬಾಯಲ್ಲಿದ್ದದ್ದು ಹಕ್ಕರಕಿ. ನುಂಗಿ, ಇನ್ನೊಂದು ಮುಷ್ಟಿ ತೆಗೆದುಕೊಂಡು ವಿಚಾರಣೆ ಮುಂದುವರಿಸಿದೆ!

ಕೊನೆಗೆ ಡಾಕ್ಟರರ ಕೋಣೆಗೆ ಸಾಕ್ಷಿಯ ಸಮೇತ ಹೋದೆ. ಸಾಕ್ಷಿ ಎಂದರೆ ಅವ್ವ.

"ಡಾಕ್ಟರ್, ತಪ್ಪು ನಿಮ್ಮ ಮಾತ್ರಿಯೊಳಗೈತ್ರಿ. ನನ್ನ ಊಟದಾಗಿಲ್ಲ. ಸಾಬೀತು ಮಾಡ್ತೇನಿ ನೋಡ್ರಿ. ಅವ್ವಾ, ನಾ ದಿನಾ ಎಷ್ಟು ಪಲ್ಯ ತಿಂತೇನಿ?"

"ಒಂದ ವಾಟಗಾ ರೀ."

"ಅದಕಿಂತ ಹೆಚ್ಚು?"

"ಒಂದ ಚಮಚಾನೂ ಇಲ್ಲ."

ಡಾಕ್ಟರರ ಹಣೆಯಲ್ಲಿ ಗೆರೆ ಮೂಡಿತು. ಗೆಲುವು ನನ್ನದೇ ಆಗಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಎಂದೂ ಕೇಳಬಾರದು ಎಂದು ಹುಡುಗರಿಗೆ ಪಾಠ ಹೇಳುವವಳು ನಾನೇ.

"ಬ್ಯಾರೆ ಏನರ ಹಸರಂದು ಈ ಹೊಟ್ಟಿಗಿ ಹೋಗೇತೇನು?" ಎಂದು ಘರ್ಜಿಸಿದೆ.

"ಇಲ್ಲ ತಗೋ," ಎಂದಳು ಅವ್ವ. ಜೀವಮಾನದಲ್ಲಿ ಸುಳ್ಳು ಹೇಳಿದವಳಲ್ಲ. "ರೊಟ್ಟಿ ಜೋಡಿ ಹಸಿ ತಪ್ಪಲ ತಿಂತಾಳಲ್ಲ, ಅಷ್ಟ."

ಡಾಕ್ಟರರ ಪೆನ್ನು ನಿಂತಿತು. "ಹಸಿ ಸೊಪ್ಪಾ? ಎಷ್ಟು?"

ಅವ್ವ ಎರಡೂ ತೋಳು ಮುಂದೆ ಚಾಚಿ, ಕೂಸನ್ನು ಎತ್ತಿಕೊಳ್ಳುವಂತೆ ಮಾಡಿ ತೋರಿಸಿದಳು. "ಇಷ್ಟು. ರಾತ್ರಿಗಿ ಬ್ಯಾರೆ."

ನರ್ಸಮ್ಮ ಬೆನ್ನು ತಿರುಗಿಸಿ ನಿಂತರು. ಅವರ ಹೆಗಲು ಕುಣಿಯುತ್ತಿತ್ತು.

"ನಾನು ಇಷ್ಟು ದಿನ ಮಾತ್ರೆ ಹೆಚ್ಚಿಸಿದ್ದು ನಿಮಗಲ್ಲ, ಆ ಹೊರೆಗೆ," ಎಂದು ನಕ್ಕರು ಡಾಕ್ಟರು. ಆಮೇಲೆ ನಗು ನಿಲ್ಲಿಸಿ, ಕವಾಟದ ಮೇಲೆ ಗಡ್ಡೆ ಕಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಹೇಳಿದರು. ಅವ್ವ ನನ್ನ ಕೈ ಹಿಡಿದುಕೊಂಡಳು. ತಪ್ಪಲನ್ನು ಒಮ್ಮೆಲೇ ಬಿಡದೆ ದಿನಕ್ಕೆ ಒಂದು ಮುಷ್ಟಿಗೆ ಇಳಿಸಬೇಕು, ಮಾತ್ರೆಯನ್ನು ಅದಕ್ಕೆ ಹೊಂದಿಸುತ್ತೇನೆ, ಸಪ್ತಾಪುರ ಸದ್ಯಕ್ಕಿಲ್ಲ ಎಂದು ತೀರ್ಪಾಯಿತು. "ಇನ್ನು ಮುಂದೆ ರಕ್ತ ಕೊಟ್ಟು ನೀವು ಹೊರಗೆ ಕೂತಿರಿ. ಅಮ್ಮ ಒಳಗೆ ಬಂದು ಮಾತಾಡಲಿ."

ಅಂದಿನಿಂದ ನನ್ನ ಹೃದಯದ ಕುರಿತ ಸಕಲ ಮಾತುಕತೆಗಳೂ ಬಾಗಿಲಾಚೆ ನಡೆಯುತ್ತವೆ. ನಾನು ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತೇನೆ. ಅಳತೆ ನಿಧಾನಕ್ಕೆ ಸರಿಹೋಯಿತು. ಮೊನ್ನೆ ಅವ್ವ ನಗುತ್ತ ಹೊರಬಂದಳು.

"ಎಲ್ಲಾ ಛಲೋ ಐತಂತ. ನೀ ಸಪ್ತಾಪುರಕ್ಕ ಹೋಗಬಹುದು ಅಂದ್ರು."

ಬೆಂಚಿನಿಂದ ಹಾರಿ ನಿಂತೆ. "ಯಾವಾಗ?"

"ನಾಳೇನ ಅಂದ್ರು. ನಾನ ಇನ್ನೊಂದ್ ವಾರ ಇರಲಿ ಅಂದೆ. 'ಆತ್ರಿ' ಅಂದ್ರು."

"ಯಾಕವ್ವಾ? ಕಾರಣ ಏನು?"

"ಕಾರಣ ಏನೂ ಇಲ್ಲ. ಇರು ಅಂದ್ರ ಇರು."

ಆಧಾರವಿಲ್ಲದ ಹೇಳಿಕೆ! ಚರ್ಚಾವೇದಿಕೆಯಲ್ಲಾಗಿದ್ದರೆ ಸೊನ್ನೆ ಅಂಕ. ಖಂಡಿಸಬೇಕೆಂದು ಬಾಯಿ ತೆರೆದೆ.

"ರಾತ್ರಿಗಿ ಬದನಿಕಾಯಿ ಎಣ್ಣಿಗಾಯಿ ಮಾಡ್ಲೇನು?" ಎಂದಳು ಅವ್ವ.

"ಮಾಡವಾ," ಎಂದೆ.