ಮಾವನಿಗಾಗಿ ನಾನು ಹುಡುಕಿದ ಜಾಗ

ಸರ್ಕಾರಿ ಕಾಡು ಯಾರಪ್ಪನ ಸ್ವತ್ತೂ ಅಲ್ಲ. ಆದ್ದರಿಂದ ಅದರೊಳಗೆ ನನ್ನ ಮಾವನಿಗೆ ಜಿಂಕೆ ಬರುವ ಜಾಗವೊಂದನ್ನು ನಾನೇ ಹುಡುಕಿಕೊಡುತ್ತೇನೆ ಎಂದು ಕಳೆದ ಸೆಪ್ಟೆಂಬರಿನ ಒಂದು ಭಾನುವಾರ, ಕೈಯಲ್ಲಿ ಸೌಟು ಹಿಡಿದುಕೊಂಡು ಘೋಷಿಸಿದೆ. ಮೇಜಿನ ಸುತ್ತ ಇದ್ದವರು ಇಬ್ಬರೇ. ಆದರೂ ಘೋಷಣೆ ಘೋಷಣೆಯೇ!

ಕಾರಣವಿತ್ತು. ಅಂದು ಊಟಕ್ಕೆ ಬಂದ ಮಾವ (ಹೆಸರು ವೈನೋ) ತಮ್ಮ ಹಳೆಯ ಬಂದೂಕನ್ನು ಸೂಪಿನ ತಟ್ಟೆಗಳ ಪಕ್ಕದಲ್ಲಿ ಉದ್ದಕ್ಕೆ ಮಲಗಿಸಿ ಮಗನಿಗೆ, ಅಂದರೆ ನನ್ನ ಗಂಡನಿಗೆ, ಹೇಳಿದ್ದರು: "ಕರ್ಟ್, ಇದು ಇನ್ಮೇಲೆ ನಿಂದು. ಮಂಡಿ ಕೈಕೊಟ್ಟಿತು. ಈ ಸಲ ನಾನು ಮನೇಲೇ ಇರ್ತೀನಿ."

ಅಮೆರಿಕದ ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ನವೆಂಬರ್ ಹದಿನೈದರಂದು ಮನೆಯಲ್ಲಿರುವುದೆಂದರೆ ಏನು ಗೊತ್ತೆ? ಅಂದು ವರ್ಷದ ಜಿಂಕೆ ಬೇಟೆ ಶುರುವಾಗುತ್ತದೆ, ಶಾಲೆಗೂ ರಜೆ. ಐವತ್ತೆರಡು ವರ್ಷಗಳಲ್ಲಿ ಮಾವ ಒಂದೇ ಒಂದು ಹದಿನೈದನ್ನೂ ತಪ್ಪಿಸಿದವರಲ್ಲ. ಕರ್ಟ್ ಹುಟ್ಟಿದ್ದು ಒಂದು ಹದಿನೈದರಂದೇ. ಹೆರಿಗೆಯ ದಿನ ಕಾಡಿಗೆ ಹೋದ ಗಂಡನನ್ನೂ, ಅಂಥ ದಿನವೇ ಹುಟ್ಟಿದ ಮಗನನ್ನೂ ಅತ್ತೆ ಕೊನೆಯವರೆಗೂ ಪೂರ್ತಿ ಕ್ಷಮಿಸಲಿಲ್ಲ.

ಮಾವ ಜಿಂಕೆಗೆ ಕಾದು ಕೂರುವ ಜಾಗ ಜೌಗು ದಾಟಿ ಎರಡು ಮೈಲಿ ಒಳಗಿದೆ. ಸರಿಯಾಗಿ ಎಲ್ಲಿ ಎಂದು ಮಗನಿಗೂ ಹೇಳಿಲ್ಲ. ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹಾಗೆ ಕೇಳುವುದು, ಹಲ್ಲಿನ ಸೆಟ್ಟು ಬಿಚ್ಚಿ ತೋರಿಸಿ ಎಂದಷ್ಟೇ ಅಸಭ್ಯ. ಆಪರೇಷನ್ ಮಾಡಿ ಕೂರಿಸಿದ ಹೊಸ ಮಂಡಿ ಅಲ್ಲಿಯತನಕ ನಡೆಯಲಾರದು.

ಬಂದೂಕು ಕೊಟ್ಟ ಕೈಯನ್ನು ಮಾವ ತೊಡೆಯ ಮೇಲಿಟ್ಟುಕೊಂಡರು. ತಾನೆಲ್ಲಿರಬೇಕೆಂದು ಆ ಕೈಗೇ ತಿಳಿಯದ ಹಾಗಿತ್ತು. ನಾನು ಸೌಟು ಎತ್ತಿದ್ದು ಆಗಲೇ.

"ಮಾವ, ರಸ್ತೆಯಿಂದ ಇನ್ನೂರೇ ಹೆಜ್ಜೆ. ಅಷ್ಟರೊಳಗೆ ಜಾಗ ಹುಡುಕ್ತೀನಿ. ನೀವು ಸುಮ್ನೆ ಬಂದು ಕೂತ್ಕೊಂಡ್ರೆ ಸಾಕು."

ಕರ್ಟ್ ನನ್ನನ್ನು ನೋಡಿ ಹೆಸರು ಹಿಡಿದು ಕರೆದ. "ಐಲಾ, ಮೊನ್ನೆ ಅಂಗಡಿ ಮುಂದೆ ನಿಲ್ಲಿಸಿದ ಕಾರು ಹುಡುಕೋಕೆ ನಿಂಗೆ ಅರ್ಧ ಗಂಟೆ ಬೇಕಾಯ್ತು."

"ಕಾರು ಹೆಜ್ಜೆಗುರುತು ಬಿಡಲ್ಲ!" ಎಂದೆ.

ಮಾವ ನಗಲಿಲ್ಲ. ಆದರೆ ಹೋಗುವಾಗ ಬಂದೂಕನ್ನು ಮರಳಿ ತೆಗೆದುಕೊಂಡು ಹೋದರು. "ಎಣ್ಣೆ ಹಾಕ್ಬೇಕು" ಎಂದರು, ಬಾಗಿಲಿಗೆ ಹೇಳುವಂತೆ.

ಅಂದಿನಿಂದ ನಮ್ಮ ಮನೆ ಯುದ್ಧಕ್ಕೆ ಸಿದ್ಧವಾಯಿತು. ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕು ಎಂದು ಓದಿದ್ದೇ ತಡ, ವಾಸನೆಯಿಲ್ಲದ ಸೋಪು ತಂದೆ. ನನ್ನ ಬಟ್ಟೆಗಳನ್ನು ಕಾಡಿನ ವಾಸನೆ ಹಿಡಿಯಲೆಂದು ಸೀಡರ್ ಮರದ ಸೊಪ್ಪಿನೊಂದಿಗೆ ಚೀಲದಲ್ಲಿ ಕಟ್ಟಿ ಹೊರಗೆ ತೂಗುಹಾಕಿದೆ. ಅಡುಗೆಮನೆಯಿಂದ ಈರುಳ್ಳಿಯನ್ನು ಗಡಿಪಾರು ಮಾಡಿದೆ.

"ಈರುಳ್ಳಿ ಇಲ್ದೆ ಪ್ಯಾಸ್ಟಿ?" ಕರ್ಟ್ ಆ ಮಾಂಸದ ಕಡುಬಿನ ತುತ್ತನ್ನು ಬಾಯಲ್ಲೇ ನಿಲ್ಲಿಸಿದ. "ಇದು ಬೇಟೆನಾ, ವ್ರತಾನಾ?"

"ನಿಮ್ಮಪ್ಪನಿಗೋಸ್ಕರ."

"ನಮ್ಮಪ್ಪ ಐವತ್ತೆರಡು ವರ್ಷ ಜೇಬಲ್ಲಿ ಈರುಳ್ಳಿ ಸಾಸೇಜ್ ಇಟ್ಕೊಂಡು ಹೋದೋರು ಕಣೆ!"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯ ವಾರದಲ್ಲಿ ಜಾಗ ಸಿಕ್ಕಿತು. ರಸ್ತೆಯಿಂದ ನೂರ ಎಪ್ಪತ್ತು ಹೆಜ್ಜೆ. ಓಕ್ ಮರಗಳ ದಿಬ್ಬ ಇಳಿದು ಜೌಗಿಗೆ ಸೇರುವ ಕಡೆ, ಗಂಡು ಜಿಂಕೆ ಕೊಂಬು ತಿಕ್ಕಿ ತೊಗಟೆ ಸುಲಿದ ಎಳೆಯ ಮರ, ಅದರ ಬುಡದಲ್ಲಿ ಕೆರೆದ ಹಸಿ ಮಣ್ಣು. ಸುಲಿದ ಮರದ ಮೈ ಬೆಳಗಿನ ಬಿಸಿಲಿಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಯಾರೋ ಈಗಷ್ಟೇ ಎದ್ದುಹೋದ ಕೋಣೆಯೊಳಗೆ ಕಾಲಿಟ್ಟಂತಾಯಿತು. ಪಕ್ಕದ ಮರಕ್ಕೆ ಕ್ಯಾಮೆರಾ ಕಟ್ಟಿದೆ. ಮುಂದೆ ಏನು ಸುಳಿದರೂ ಅದು ತಾನಾಗಿ ಚಿತ್ರ ತೆಗೆಯುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಕ್ಯಾಮೆರಾ ನೆಟ್ಟಗಿದೆಯೇ ಎಂದು ನೋಡಲು ಹೋದೆ. ಮಾವನ ಕಾಲಿಗೆ ಎಡವದಿರಲೆಂದು ಕೊಂಬೆ ಸರಿಸಲು ಹೋದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಬೆಳಿಗ್ಗೆ ಹೋದೆ. ಸಂಜೆಯ ಗಾಳಿ ಬೇರೆಯಿರಬಹುದೆಂದು ಸಂಜೆಯೂ ಹೋದೆ. ಒಮ್ಮೆ ಸುಮ್ಮನೆ, ಎಲೆ ಉದುರುವುದನ್ನು ಕೇಳಲು ಹೋದೆ. ಮಾವ ಮಾತ್ರ ಮೂರು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು.

"ಜಾಗ ಹೇಗಿದೆ ಮಗಳೇ?"

"ಓಡಾಟ ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದೆ ಮಾವ! ಹಾದಿ ಎಷ್ಟು ಚೆನ್ನಾಗಿ ಬಿದ್ದಿದೆ ಅಂದ್ರೆ, ಕಣ್ಣು ಮುಚ್ಕೊಂಡು ನಡೀಬಹುದು!"

"ಹೌದಾ?" ಎನ್ನುತ್ತಿದ್ದರು. ಆ ದನಿಗೆ ವಯಸ್ಸಾಗಿರುತ್ತಿರಲಿಲ್ಲ. ಪರವಾನಗಿ ತೆಗೆದುಕೊಂಡರಂತೆ. ಮಡಚುವ ಕುರ್ಚಿ ಕೊಂಡರಂತೆ. ದಿನಾ ಅಂಗಳದಲ್ಲಿ ಮುನ್ನೂರು ಹೆಜ್ಜೆ ನಡೆಯುತ್ತಾರಂತೆ.

ನವೆಂಬರ್ ಹದಿಮೂರರಂದು ಕ್ಯಾಮೆರಾದ ಕಾರ್ಡು ತಂದು ಲ್ಯಾಪ್‌ಟಾಪಿಗೆ ಹಾಕಿ, ಕರ್ಟನನ್ನು ಕರೆದು ಕೂರಿಸಿದೆ. ವಿಜಯೋತ್ಸವಕ್ಕೆ ಸಾಕ್ಷಿ ಬೇಕಲ್ಲ!

ಮೊದಲ ಚಿತ್ರದಲ್ಲೇ ಎಂಟು ಕವಲಿನ ಕೊಂಬಿನ ಗಂಡು ಜಿಂಕೆ, ಹಾಡಹಗಲಲ್ಲಿ. ಕರ್ಟ್ ಶಿಳ್ಳೆ ಹಾಕಿದ. ಮುಂದಿನ ವಾರ ಅದೇ ಜಿಂಕೆ, ಮುಸ್ಸಂಜೆಯಲ್ಲಿ. ಅದರ ಮುಂದಿನ ವಾರ ಕತ್ತಲಲ್ಲಿ ಬರೀ ಎರಡು ಕಣ್ಣು. ಆಮೇಲೆ ಬರೀ ನಾನು.

"ಇದು ನೀನು" ಎಂದ ಕರ್ಟ್. "ಇದೂ ನೀನು. ಇಲ್ಲಿ ಫ್ಲಾಸ್ಕು ಹಿಡ್ಕೊಂಡಿದೀಯ. ಇದೇನು, ಮರಕ್ಕೆ ಕಿವಿ ಕೊಟ್ಟು ನಿಂತಿದೀಯ?"

"ಮುಂದೆ ಹೋಗು."

"ಮುಂದೂ ನೀನೇ. ಅಕ್ಟೋಬರ್ ಇಪ್ಪತ್ತರಿಂದ ಈಚೆಗೆ ಈ ಕಾಡಲ್ಲಿ ನೀನೊಬ್ಳೇ ಪ್ರಾಣಿ ಕಣೆ!"

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ದಿನದಿಂದ ದಿನಕ್ಕೆ ಹೆಚ್ಚಿದ ಓಡಾಟ ನನ್ನದು. ಅಷ್ಟು ಚೆನ್ನಾಗಿ ಬಿದ್ದ ಹಾದಿಯೂ ನನ್ನದೇ. ನೋಡಿ ನೋಡಿಯೇ ಜಿಂಕೆಯನ್ನು ಊರು ಬಿಡಿಸಿದ್ದೆ.

"ಅಪ್ಪಂಗೆ ಹೇಳ್ಬಿಡೋಣ್ವಾ?" ಎಂದ ಕರ್ಟ್, ಈಗ ಮೆತ್ತಗೆ.

"ಹೇಳಿದ್ರೆ ಬರಲ್ಲ. ಈ ಸಲ ಬರ್ಲಿಲ್ಲ ಅಂದ್ರೆ ಇನ್ಯಾವತ್ತೂ ಬರಲ್ಲ."

ಹದಿನೈದರ ಬೆಳಿಗ್ಗೆ ಮಾವ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ನುಣ್ಣಗೆ ಗಡ್ಡ ಹೆರೆದುಕೊಂಡು ಬಂದಿದ್ದರು. ಕರ್ಟ್ ತನ್ನ ಜಾಗಕ್ಕೆ ಹೋದ. ನಾನು ಕುರ್ಚಿ ಹೊತ್ತು ಮುಂದೆ ನಡೆದೆ. ಆ ವರ್ಷ ಹಿಮ ತಡವಾಗಿತ್ತು. ಎಲೆಗಳ ಮೇಲೆ ಬರೀ ಇಬ್ಬನಿ ಗಟ್ಟಿಯಾಗಿತ್ತು. ನೂರ ಎಪ್ಪತ್ತು ಹೆಜ್ಜೆಯನ್ನೂ ಮಾವ ಎಲ್ಲಿಯೂ ನಿಲ್ಲದೆ ನಡೆದರು. ಬಂದೂಕಿಗೆ ಗುಂಡು ತುಂಬಿ ತೊಡೆಯ ಮೇಲಿಟ್ಟರು. ಈ ಸಲ ಕೈಗೆ ತಾನಿರಬೇಕಾದ ಜಾಗ ಗೊತ್ತಿತ್ತು.

ಬೆಳಕು ಮರದಿಂದ ಮರಕ್ಕೆ ಇಳಿಯಿತು. ದೂರದಲ್ಲೆಲ್ಲೋ ಯಾರದೋ ಬಂದೂಕಿನ ಈಡು. ಒಂದು ಅಳಿಲು ಬಂತು. ಗಂಟೆ ಎಂಟಾಯಿತು. ಅದೇ ಅಳಿಲು ಮತ್ತೆ ಬಂತು. ಹತ್ತಾಯಿತು. ನಾನು ಅವರ ಹಿಂದೆ ಮರಕ್ಕೆ ಒರಗಿ, ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದೆ.

ಮಾವ ತುಂಬ ಹೊತ್ತು ನೆಲವನ್ನೇ ನೋಡುತ್ತಿದ್ದರು. ಆಮೇಲೆ ಪಿಸುಗುಟ್ಟಿದರು.

"ಈ ಹಾದೀಲಿ ಓಡಾಡಿದ್ದು ಒಂದೇ ಪ್ರಾಣಿ."

ನಾನು ಬೂಟುಗಳನ್ನು ಮೆಲ್ಲಗೆ ಎಲೆಗಳಡಿ ತೂರಿಸಿದೆ.

"ಗೊರಸಿಲ್ಲ. ತುಂಬಾ ಶಿಸ್ತಿನ ಪ್ರಾಣಿ. ಈ ಮರದ ಹತ್ರ ನಿಂತು ಸುತ್ತ ನೋಡ್ತದೆ, ಆಮೇಲೆ ಬಂದ ಹಾದೀಲೇ ವಾಪಸ್ ಹೋಗ್ತದೆ. ಎಷ್ಟು ಸಲ ಬಂದಿದ್ದೆ?"

"ನಾಲ್ಕು ಸಲ ಮಾವ."

"ಐಲಾ."

"ಹತ್ತೊಂಬತ್ತು."

ಮಾವನ ಭುಜ ಅಲುಗಿತು. ಅಳುತ್ತಿದ್ದಾರೆಂದುಕೊಂಡೆ. ಬಗ್ಗಿ ನೋಡಿದರೆ, ಬಾಯಿಗೆ ಟೋಪಿ ಒತ್ತಿಕೊಂಡು ನಗುತ್ತಿದ್ದಾರೆ! ಕುರ್ಚಿಯೂ ಕಿರುಗುಟ್ಟಿ ನಗುತ್ತಿತ್ತು.

"ತಪ್ಪಾಯ್ತು ಮಾವ. ನಿಮ್ಮ ಸೀಸನ್ ಹಾಳು ಮಾಡ್ಬಿಟ್ಟೆ."

ಅವರು ಕಣ್ಣೊರೆಸಿಕೊಂಡು ಹಾದಿಯತ್ತ ತಿರುಗಿದರು. ನಾನು ತುಳಿದು ತುಳಿದು ಸಮ ಮಾಡಿದ ಹಾದಿ. ಅಡ್ಡ ಕೊಂಬೆಯಿಲ್ಲ, ಕಾಲಿಗೆ ತೊಡರುವ ಬೇರಿಲ್ಲ.

"ಜಿಂಕೆಗೆ ಹಾಳಾಯ್ತು ನಿಜ" ಎಂದರು. "ನನ್ನ ಮಂಡಿಗೆ ಇಂಥಾ ರಸ್ತೆ ಈ ಸರ್ಕಾರಿ ಕಾಡಲ್ಲಿ ಯಾರೂ ಮಾಡಿಕೊಟ್ಟಿರ್ಲಿಲ್ಲ. ಈ ವರ್ಷ ಇಲ್ಲೇ ಕೂತಿರ್ತೀನಿ. ಮುಂದಿನ ವರ್ಷದ ಜಾಗ ನಾನೇ ಹುಡುಕ್ತೀನಿ."

ಮುಂದಿನ ವರ್ಷ! ಆ ಎರಡು ಪದ ಕೇಳಿದ್ದೇ ನನಗೆ ಜಿಂಕೆ ಬಂದಷ್ಟಾಯಿತು. "ನಾನೂ ಬರ್ತೀನಿ ಮಾವ!" ಎಂದೆ.

"ಬಾ. ಗಾಡಿ ಓಡಿಸೋಕೆ ಯಾರಾದ್ರೂ ಬೇಕಲ್ಲ. ಆದ್ರೆ ಗಾಡಿಯಿಂದ ಕೆಳಗೆ ಇಳೀಬೇಡ."

ನಾನು ವಿಧೇಯಳಾಗಿ ತಲೆಯಾಡಿಸಿದೆ.

"ಅದನ್ನೂ ನಿಧಾನಕ್ಕೆ ಆಡಿಸು" ಎಂದರು ಮಾವ. "ಅಳಿಲಾದ್ರೂ ಉಳೀಲಿ."