ಅಜ್ಜ ತಂದ ಕರಕರ ಚಪ್ಪಲಿ

ನಮ್ಮ ಮನ್ಯಾಗ ಛಲೋ ಸಾಮಾನು ಬಂತಂದ್ರ ಮುಗೀತ್ರಿ. ಅದನ್ನ ಬಳಸೂದಿಲ್ಲ. “ಇರ್ಲಿ, ಮುಂದ ಬೇಕಾಗತೈತಿ” ಅಂತ ಅವ್ವ ಟ್ರಂಕಿನ್ಯಾಗ ಹಾಕಿ ಕೀಲಿ ಜಡೀತಾಳ. ಆ ಟ್ರಂಕಿನ ದೆಸಿಯಿಂದ ನಾವು ಎಷ್ಟು ಸಲ ನಗಿಪಾಟಲಾಗೇವೋ ದೇವರಿಗೇ ಗೊತ್ತು. ನನ್ನ ಚಪ್ಪಲಿದಷ್ಟ ಹೇಳ್ತೀನಿ, ಕೇಳ್ರಿ.

ಕಾಲು ಬೆಳೀಲಿ

ನಾ ನಾಕನೇ ಇಯತ್ತಾ ಪಾಸಾದಾಗ ಐನಾಪುರದ ಅಜ್ಜ, ಅಂದ್ರ ನಮ್ಮವ್ವನ ಅಪ್ಪ, ಅಥಣಿಗೆ ಹೋಗಿ ನನಗಂತ ಚಪ್ಪಲಿ ತಂದ. ಮೆಟ್ಟಿ ನಡದ್ರ ಕರ್ರ್ ಕರ್ರ್ ಅನ್ನುವಂಥಾವು. ಅಂಗಡ್ಯಾಗಿನ ಜೋಡೆಲ್ಲಾ ತಾನ ಮೆಟ್ಟಿ ನಡದು, ಸಪ್ಪಳ ಕೇಳಿ ಆರಿಸಿದ್ದ. ಖರೇ, ಅವು ದೊಡ್ಡ ಗಂಡಸಿನ ಅಳತೀವು.

“ಯಜ್ಜಾ, ಒಂದರಾಗ ನನ್ನ ಎರಡೂ ಕಾಲು ಹಿಡೀತಾವಲ್ಲೋ!”

“ಹಿಡೀಲಿ ಬಿಡಲೇ. ಕಾಲು ಬೆಳೀತಾವು, ಚಪ್ಪಲಿ ಬೆಳೀತಾವೇನು? ನೀ ಇವನ್ನ ಮೆಟಗೊಂಡು ನನ್ನ ಮುಂದ ನಡೀಬೇಕು. ಆ ಸಪ್ಪಳ ಕೇಳೂತನಾ ನಾ ಸಾಯೂದಿಲ್ಲ ನೋಡು!”

ಅವ್ವ ಚಪ್ಪಲಿ ಕಸಗೊಂಡು ಟ್ರಂಕಿಗೆ ಕೀಲಿ ಹಾಕೇಬಿಟ್ಲು. “ಹಂಗಾದ್ರ ಅವಸರ ಬ್ಯಾಡಪಾ” ಅಂದ್ಲು.

ಯಾವ ವಾರ?

ತೊಗಲು ಒಣಗಿ ಸೀಳಬಾರದಂತ ದೀಪಾವಳಿಗೊಮ್ಮೆ ಅವಕ್ಕ ಎಣ್ಣಿ ಹಚ್ಚೂದು ನಮ್ಮ ಪದ್ಧತಿ. ಮೊದಲ ಚಪ್ಪಲಿಗೆ, ಉಳದದ್ದು ನನ್ನ ತಲಿಗೆ.

ಒಂದ ವರ್ಷ ನಮ್ಮ ಕಾಕಾ ನಿಪ್ಪಾಣಿಗೆ ಕನ್ಯಾ ನೋಡಾಕ ಹೊಂಟಿದ್ದ. “ವೈನಿ, ಅಷ್ಟ ಆ ಚಪ್ಪಲಿ ಕೊಡ್ರಿ, ಸಂಜಿಗೆ ತಂದು ಕೊಡ್ತೀನಿ” ಅಂದ. ಕೊಡಾಕ ಮನಸಿಲ್ಲ, ಒಲ್ಲೆ ಅನ್ನಾಕ ಬಾಯಿಲ್ಲ. ಅವ್ವ ಗಾಬರ್ಯಾಗಿ, “ಅವನ್ನ ಪೂಜಿಗೆ ಇಟ್ಟೇವ್ರಿ” ಅಂದುಬಿಟ್ಲು!

ಕಾಕಾ ಸುಮ್ನಿರ್ತಾನೇನ್ರಿ? ಓಣಿ ತುಂಬ ಹೇಳಕೋತ ಹೋದ. ಮರುದಿನ ಮಗ್ಗಲಮನಿ ಆಯಿ ತಂಬಿಗಿ ಹಿಡಕೊಂಡ ಬಂದು, “ಯವ್ವಾ, ಆ ಪೂಜಿ ಯಾವ ವಾರ ಮಾಡ್ತೀರಿ? ನಮ್ಮ ಮೊಮ್ಮಗಗೂ ಕಾಲ ಬ್ಯಾನಿ ಐತಿ” ಅಂದ್ಲು.

ವರ ಎಲ್ಲಿ?

ನನಗ ಚಿಕ್ಕೋಡ್ಯಾಗ ನೌಕ್ರಿ ಸಿಕ್ತು, ಕಾಲು ಅಳತಿಗೆ ಬಂದ್ವು, ಸದಲಗಾದ ಹುಡಗಿ ಗೊತ್ತಾದ್ಲು. ಚಪ್ಪಲಿ ಮಾತ್ರ ಟ್ರಂಕಿನ್ಯಾಗ. ಅಜ್ಜಗ ಕಣ್ಣು ಪೂರಾ ಮಂಜಾಗಿದ್ವು, ಕಿವಿ ಮಾತ್ರ ಚುರುಕು. ಲಗ್ನದ ಹಿಂದಿನ ದಿನ ನಮ್ಮ ಮನಿಗೆ ಬಂದಾವನ ಟ್ರಂಕಿನ ಮ್ಯಾಲ ಕುಂತ. “ಚಪ್ಪಲಿ ತಗೀರಿ, ಇಲ್ಲಾ ನಾ ಲಗ್ನಕ್ಕ ಬರೂದಿಲ್ಲ!” ಕೀಲಿ ತಗದ್ವಿ.

ನನಗೂ ಭಾಳ ಆಸೇ ಇತ್ರಿ, ಅಜ್ಜ ಆ ಸಪ್ಪಳ ಕೇಳಿ ಖುಷಿ ಆಗಬೇಕಂತ. ಆದ್ರ ಮೆಟಗೊಂಡು ಮಂಟಪಕ್ಕ ಬರೂತನಾ ಬ್ಯಾಂಡಿನವರ ಗದ್ದಲದಾಗ ಏನೂ ಕೇಳಸಲಿಲ್ಲ. ಮಂಟಪದ ಬಾಗಲದಾಗ ಕಳದಿಟ್ಟೆ. ಅಜ್ಜನ ಮಾರಿ ಸಣ್ಣದಾತು.

ನಮ್ಮ ಕಡೆ ವರನ ಚಪ್ಪಲಿ ನಾದಿನ್ಯಾರು ಮುಚ್ಚಿಟ್ಟು ರೊಕ್ಕ ಕೇಳ್ತಾರ್ರಿ. ನನ್ನ ನಾದಿನಿ ಭಾರೀ ಶ್ಯಾಣೇ ಹುಡಗಿ. ಕೈಯಾಗ ಹಿಡದ್ರ ಕಾಣತಾವಂತ, ಕಾಲಾಗ ಮೆಟ್ಟಿ, ಮ್ಯಾಲ ಸೀರಿ ಇಳಿಬಿಟಗೊಂಡು ಹೊಂಟ್ಲು. ನಾ ಅಂತರಪಟದ ಹಿಂದ ನಿಂತೀನಿ. ಮಂಗಳಾಷ್ಟಕದ ಒಂದ ನುಡಿ ಮುಗದು ಎಲ್ಲಾ ಗಪ್ಪಾದ ಹೊತ್ತಿಗೆ, ಕರ್ರ್... ಕರ್ರ್... ಕರ್ರ್...

ಅಜ್ಜ ಖುರ್ಚಿ ಬಿಟ್ಟು ಎದ್ದು ನಿಂತ. “ಅಯ್ಯಯ್ಯೋ! ವರ ಓಡಿ ಹೊಂಟಾನ, ಹಿಡೀರ್ಯೋ!”

ಮಂದಿ ದಬದಬ ಬಾಗಲಕ್ಕ ಓಡಿದ್ರು. ನಮ್ಮ ಮಾವ, ಅಂದ್ರ ಹೆಣ್ಣಿನ ಅಪ್ಪ, ಗೇಟ ಹಾಕಿಸಿದ್ರು. ನಾ ಪಟದ ಹಿಂದಿಂದ ಒದರಾಕತ್ತೀನಿ, “ಯಜ್ಜಾ, ನಾ ಇಲ್ಲೇ ಅದೀನೋ!”

“ನೀ ಯಾವನಲೇ ಖೊಟ್ಟಿ? ನಮ್ಮ ಹುಡಗ ಆ ಕಡೆ ಹೊಂಟಾನ!”

ನಾದಿನಿನ್ನ ಹಿಡದು ತಂದ್ರು. ಪಾಪ, ನಕ್ಕೂ ನಕ್ಕೂ ಆಕಿ ಕಣ್ಣಾಗ ನೀರು. ನಾ ಚಪ್ಪಲಿ ಮೆಟಗೊಂಡು, ಬಾಸಿಂಗ ಕಟ್ಟಿದಾಂವ, ಅಜ್ಜನ ಸುತ್ತ ಕರ್ರ್ ಕರ್ರ್ ಅಂತ ತಿರಗಿದೆ. ಇಡೀ ಮಂಟಪ ಗಪ್ಪಾಗಿ ಕೇಳಾಕತ್ತಿತ್ತು. ಆವತ್ತಿನ ಖುಷಿ ಏನ ಹೇಳ್ಲಿ! ಅಜ್ಜ ಕಣ್ಣು ಮುಚ್ಚಿ, ಕಿವಿ ಕೊಟ್ಟು ಪೂರಾ ಕೇಳಿದ. ಆಮ್ಯಾಲ ನನ್ನ ಹೆಗಲ ಹಿಡದು, ಭಟ್ಟರಿಗೆ ಜೋರಲೆ ಹೇಳಿದ:

“ಹಾಂ, ವರ ಸಿಕ್ಕ. ಈಗ ಹಾಕ್ರಿ ಅಕ್ಕಿಕಾಳು!”